ಅಷ್ಟಾಗಿ ಹೆಸರು ಕೇಳಿರದ ಸಣ್ಣ ಟ್ರ್ಯಾಕ್ಟರ್: ಹದದ ದಿನ ಬಿಡಿ ಸಾಮಾನು ಎಲ್ಲಿಂದ ಬರುತ್ತದೆ?

ಧಾರವಾಡದ ಕೃಷಿ ಮೇಳಕ್ಕೆ ಹೋಗಿಬಂದವರಿಗೆ ಆ ಸಾಲು ಗೊತ್ತು. ಬೀಜದ ಮಳಿಗೆ, ಗಿರ್ಮಿಟ್ಟಿನ ಅಂಗಡಿ ದಾಟಿ ಯಂತ್ರಗಳ ಕಡೆ ಬಂದರೆ ದೊಡ್ಡ ಕಂಪನಿಗಳ ಪೆಂಡಾಲಿನ ಅಂಚಿಗೆ ಒಂದೆರಡು ಸಣ್ಣ ಟ್ರ್ಯಾಕ್ಟರ್ ನಿಂತಿರುತ್ತವೆ. ಮಿರಿಮಿರಿ ಬಣ್ಣ, ಅಷ್ಟಾಗಿ ಕೇಳಿರದ ಹೆಸರು, ಇಪ್ಪತ್ತು-ಇಪ್ಪತ್ತೈದು ಎಚ್‌ಪಿ, ಬೆಲೆ ಪಕ್ಕದ ಪೆಂಡಾಲಿಗಿಂತ ಕಡಿಮೆ. ರೋಣ ತಾಲ್ಲೂಕಿನ ನಮ್ಮ ಕಾಕಾ ಅಂಥದೊಂದರ ಬಾನೆಟ್ ಮೇಲೆ ಕೈಯಾಡಿಸುತ್ತ ನಿಂತಾಗ ನಾನೂ ಜೊತೆಗಿದ್ದೆ. "ಸರ್ವಿಸ್ ಚಿಂತಿ ಬಿಡ್ರಿ ಯಜಮಾನ್ರ, ಒಂದ್ ಫೋನ್ ಮಾಡ್ರಿ, ಹುಡುಗ ಹೊಲಕ್ಕ ಬರ್ತಾನ" ಅಂದ ಮಾರುವವ.

ಹುಡುಗ ಬಂದ, ಸುಳ್ಳು ಹೇಳಬಾರದು. ಕೊಂಡ ಎರಡನೇ ವರ್ಷ ಮಿರಗದ (ಮೃಗಶಿರಾ) ಮಳೆ ಬಿದ್ದು ಹೆಸರುಕಾಳು ಬಿತ್ತುವ ಹೊತ್ತಿಗೆ ಲಿಫ್ಟು ಕೂರಿಗೆಯನ್ನು ಎತ್ತಲೊಲ್ಲದೆ ನಿಂತುಬಿಟ್ಟಿತು. ಫೋನ್ ಮಾಡಿದ ಮರುದಿನವೇ ಹುಡುಗ ಬೈಕ್ ಮೇಲೆ ಬಂದ, ಬಿಚ್ಚಿದ, ಹೈಡ್ರಾಲಿಕ್ ಪಂಪನ್ನು ತಿರುಗಿಸುವ ಬೊಗಸೆಯಲ್ಲಿ ಹಿಡಿಸುವಷ್ಟು ಸಣ್ಣ ಕಪ್ಲಿಂಗಿನ ಹಲ್ಲು ಸವೆದಿರುವುದನ್ನು ತೋರಿಸಿದ, ಫೋಟೋ ಹೊಡೆದುಕೊಂಡು ಹೋದ. ಸಾಮಾನಿನ ಬೆಲೆ 640 ರೂಪಾಯಿ. ಅದು ಬಂದದ್ದು ಹನ್ನೊಂದನೆಯ ದಿನ. ನಡುವೆ ಲೇಥಿನವನ ಹತ್ತಿರ ಒಂದು ಮಾಡಿಸಿ ಹಾಕಿದೆವು. ಒಂದೂವರೆ ದಿನ ಬಾಳಿತು.

ಎರೆ (ಕಪ್ಪು ಮಣ್ಣಿನ) ಹೊಲ ಇದ್ದವರಿಗೆ ಹನ್ನೊಂದು ದಿನ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಮಳೆಯಾದ ಮೇಲೆ ಒಂದೆರಡು ದಿನ ಹೊಲದಲ್ಲಿ ಕಾಲಿಟ್ಟರೆ ಕೆರದ ತುಂಬ ಮಣ್ಣು. ಬಿಸಿಲು ಬಿದ್ದು ವಾರ ಕಳೆದರೆ ಬಿರುಕು. ನಡುವೆ ಸಿಗುವ ಮೂರು-ನಾಲ್ಕು ದಿನವೇ ಹದ. ಆ ಹದ ಊರಿಗೆಲ್ಲ ಒಂದೇ ಸಲ ಬರುವುದರಿಂದ ಬಾಡಿಗೆ ಟ್ರ್ಯಾಕ್ಟರಿನವನ ಮುಂದೆ ಇಪ್ಪತ್ತು ಜನ ಪಾಳಿ ಹಚ್ಚಿರುತ್ತಾರೆ. ನಮ್ಮ ಪಾಳಿ ಬಂದಾಗ ಹದ ಆರಿತ್ತು. ಆ ವರ್ಷ ಹೆಸರುಕಾಳಿನ ಬದಲು ಹಿಂಗಾರಿಗೆ ಕಡಲೆ ಹಾಕಿ ಸುಮ್ಮನಾದೆವು.

ಡೀಲರ್ ಬೆಂಬಲ, ಕಂಪನಿ ಬೆಂಬಲ ಎಂಬ ಮಾತನ್ನು ಆಗಿನಿಂದ ನಾನು ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ: ಹದದ ಮೂರು ದಿನದೊಳಗೆ ಕೆಟ್ಟ ಗಾಡಿ ಮತ್ತೆ ಸಾಲಿಗೆ ಇಳಿಯುತ್ತದೆಯೇ? ಮೆಕ್ಯಾನಿಕ್ ಬರುವುದು ಬೇರೆ, ಸಾಮಾನು ಬರುವುದು ಬೇರೆ. ಮಾರುವವರು ಮೊದಲನೆಯದಕ್ಕೆ ಮಾತು ಕೊಡುತ್ತಾರೆ. ಎರಡನೆಯದನ್ನು ನಾವು ಕೇಳುವುದೇ ಇಲ್ಲ.

ಹೆಸರಿಲ್ಲದ್ದು ಅಂದರೆ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಹೆಸರು ಎಂಬುದು ಸೀಮೆಗೊಂದು ತರಹ ಇರುತ್ತದೆ. ರಾಜಕೋಟದಲ್ಲಿ ತಯಾರಾಗುವ ಕ್ಯಾಪ್ಟನ್ ಟ್ರ್ಯಾಕ್ಟರನ್ನು ಗುಜರಾತಿನಲ್ಲಿ ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ, ನರಗುಂದದಲ್ಲಿ ಮಾಡಿಕೊಡಬೇಕಾದೀತು. 1967ರಲ್ಲಿ ಶುರುವಾದ ಬೆಂಗಳೂರಿನ ವಿಎಸ್‌ಟಿ ಭತ್ತದ ಸೀಮೆಯವರಿಗೆ ಪವರ್ ಟಿಲ್ಲರಿನಿಂದಲೇ ಗೊತ್ತು. ಕಲಘಟಗಿ, ಹಾನಗಲ್ಲ ಕಡೆ ಅದರ ಹೆಸರು ಹೇಳಿದರೆ ತಲೆ ಆಡಿಸುತ್ತಾರೆ, ಎರೆ ಸೀಮೆಯಲ್ಲಿ ಅಷ್ಟು ಸಲೀಸಾಗಿ ಆಡಿಸಲಿಕ್ಕಿಲ್ಲ. ಕುಬೋಟಾ ಜಗತ್ತಿಗೇ ದೊಡ್ಡ ಕಂಪನಿ, ಆದರೆ ನಿಮ್ಮ ಹೋಬಳಿಯಲ್ಲಿ ಅದರ ಗಾಡಿ ಎರಡೇ ಇದ್ದರೆ ನಿಮ್ಮ ಪಾಲಿಗೆ ಅದೂ ಹೆಸರಿಲ್ಲದ್ದೇ. ಹತ್ತಿಯಲ್ಲಿ, ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎಡೆ ಹೊಡೆಯಲು, ಹಿರೇಕೆರೂರ ಕಡೆಯ ಅಡಿಕೆ ತೋಟದೊಳಗೆ ಓಡಾಡಲು ಅಗಲ ಕಡಿಮೆ ಇರುವ ಗಾಡಿಯೇ ಬೇಕು. ಆ ಅಗಲದಲ್ಲಿ ಸಿಗುವ ಮಾಡೆಲ್ಲುಗಳು ಬೆರಳೆಣಿಕೆಯಷ್ಟು, ಹಾಗಾಗಿ ಕೆಲವೊಮ್ಮೆ ಅಪರಿಚಿತ ಹೆಸರಿನ ಕಡೆಗೇ ಹೋಗಬೇಕಾಗುತ್ತದೆ.

ಡೀಲರನ ಲೆಕ್ಕ

ಡೀಲರ್ ಒಳ್ಳೆಯವನೋ ಕೆಟ್ಟವನೋ ಎಂದು ನೋಡುವ ಮೊದಲು ಅವನ ಖರ್ಚು-ವೆಚ್ಚ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಟ್ರ್ಯಾಕ್ಟರ್ ಮಾರಿದಾಗ ಅವನಿಗೆ ಉಳಿಯುವುದು ನಾವು ಅಂದುಕೊಂಡಷ್ಟು ಇರುವುದಿಲ್ಲ, ಅದರಲ್ಲೂ ಒಂದಷ್ಟು ರಿಯಾಯಿತಿಗೆ ಹೋಗುತ್ತದೆ. ವರ್ಕ್‌ಷಾಪಿನ ಬಾಡಿಗೆ, ಮೆಕ್ಯಾನಿಕ್‌ನ ಪಗಾರ ಹುಟ್ಟಬೇಕಾದದ್ದು ಸಾಮಾನಿನ ಮಾರಾಟ ಮತ್ತು ಸರ್ವಿಸಿನಿಂದ.

ಒಂದು ಅಂದಾಜು ಹಾಕೋಣ. ಅಂಕಿಗಳು ನಾನು ಲೆಕ್ಕಕ್ಕಾಗಿ ಹಿಡಿದವು, ನಿಮ್ಮ ಕಡೆಯ ಅಂಕಿ ಹಾಕಿ ನೋಡಿ. ಡೀಲರನ ಸುತ್ತ ಆ ಕಂಪನಿಯ 30 ಟ್ರ್ಯಾಕ್ಟರ್ ಓಡುತ್ತಿವೆ. ಒಬ್ಬೊಬ್ಬ ರೈತ ವರ್ಷಕ್ಕೆ ಸಾಮಾನು, ಸರ್ವಿಸ್ ಅಂತ 8,000 ರೂಪಾಯಿ ಅವನ ಹತ್ತಿರ ಖರ್ಚು ಮಾಡುತ್ತಾನೆ. ಒಟ್ಟು 2,40,000. ಐದರಲ್ಲಿ ಒಂದು ಪಾಲು ಡೀಲರಿಗೆ ಉಳಿದರೆ 48,000. ಒಬ್ಬ ಮೆಕ್ಯಾನಿಕ್‌ಗೆ ತಿಂಗಳಿಗೆ 15,000 ಕೊಟ್ಟರೂ ವರ್ಷಕ್ಕೆ 1,80,000. ಎಲ್ಲಿಂದ ಕೊಟ್ಟಾನು? ಒಂದು ವರ್ಷ ಕೈಯಿಂದ ಹಾಕುತ್ತಾನೆ, ಎರಡನೇ ವರ್ಷ ಮೆಕ್ಯಾನಿಕ್‌ನನ್ನು ಬಿಡಿಸಿ "ಫೋನ್ ಮಾಡಿದ್ರ ಬರ್ತಾನ" ಎಂಬ ಹೊರಗಿನ ಹುಡುಗನನ್ನು ಗೊತ್ತು ಮಾಡಿಕೊಳ್ಳುತ್ತಾನೆ, ಮೂರನೇ ವರ್ಷ ಬೋರ್ಡಿನ ಮೇಲೆ ಬೇರೆ ಕಂಪನಿಯ ಹೆಸರು ಬರೆಸುತ್ತಾನೆ. ಅದೇ ಜಾಗದಲ್ಲಿ 300 ಟ್ರ್ಯಾಕ್ಟರ್ ಇದ್ದರೆ ಉಳಿಯುವುದು 4,80,000. ಇಬ್ಬರು ಮೆಕ್ಯಾನಿಕ್, ಒಂದು ಗೋಡೆ ತುಂಬ ಸಾಮಾನು ಇಡಬಹುದು.

ಇದರಲ್ಲಿ ಯಾರ ಮೋಸವೂ ಇಲ್ಲ. ಡೀಲರ್ ದೇವರಂಥ ಮನುಷ್ಯನಾಗಿದ್ದರೂ ಮೂವತ್ತು ಗಾಡಿಯ ಮೇಲೆ ವರ್ಕ್‌ಷಾಪ್ ನಡೆಯುವುದಿಲ್ಲ. ಅದಕ್ಕೇ ನಾನು ಮೊದಲು ನೋಡುವುದು ಗಾಡಿಗಳ ಸಂಖ್ಯೆ.

ಆ ಸಂಖ್ಯೆ ಮನೆಯಲ್ಲೇ ಕೂತು ಸಿಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಡ್ಯಾಶ್‌ಬೋರ್ಡ್ ಎಂಬ ಸರಕಾರಿ ಪುಟ ಎಲ್ಲರಿಗೂ ತೆರೆದಿದೆ. ಅದರಲ್ಲಿ ರಾಜ್ಯ, ಆಮೇಲೆ ಆರ್‌ಟಿಓ ಆರಿಸಿಕೊಂಡು, ತಯಾರಕರ ಪ್ರಕಾರ ಪಟ್ಟಿ ಕೇಳಿ, ವಾಹನದ ವರ್ಗದಲ್ಲಿ ಕೃಷಿ ಟ್ರ್ಯಾಕ್ಟರ್ ಒತ್ತಿದರೆ ಯಾವ ಕಂಪನಿಯದು ಯಾವ ವರ್ಷ ಎಷ್ಟು ನೋಂದಣಿಯಾಗಿದೆ ಎಂದು ಬರುತ್ತದೆ. ಧಾರವಾಡ ಕೆಎ 25, ಗದಗ 26, ಹಾವೇರಿ 27, ಹುಬ್ಬಳ್ಳಿ 63, ರಾಣೆಬೆನ್ನೂರು 68. ಐದನ್ನೂ ನೋಡಿ, ನಾಲ್ಕೈದು ವರ್ಷದ ಅಂಕಿ ಕೂಡಿಸಿ. ನೋಂದಣಿ ಮಾಡಿಸದೆ ಊರೊಳಗೇ ಓಡಿಸುವವರೂ ಇದ್ದಾರೆ, ಹಾಗಾಗಿ ನಿಜವಾದ ಸಂಖ್ಯೆ ಸ್ವಲ್ಪ ಹೆಚ್ಚೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು. 40, 25, 9 ಎಂದು ಇಳಿಯುತ್ತ ಬಂದಿದ್ದರೆ ಆ ಡೀಲರನ ಹತ್ತಿರ ನೀವು ಮಾತಾಡುವ ಮುಂಚೆಯೇ ಅರ್ಧ ಉತ್ತರ ಸಿಕ್ಕಂತೆ.

ಮಳಿಗೆಯ ಹಿಂದಿನ ಬಾಗಿಲು

ಯುಗಾದಿ, ದಸರಾ, ದೀಪಾವಳಿಗೆ ಡೀಲರ್ ಹತ್ತಿರ ಹೋಗಬೇಡಿ. ಹೋದರೂ ಪೇಢೆ ತಿಂದು ಬನ್ನಿ. ನೋಡಲು ಹೋಗಬೇಕಾದದ್ದು ಜೂನ್ ಎರಡನೇ ವಾರ, ಇಲ್ಲವೇ ಹಿಂಗಾರಿ ಬಿತ್ತನೆಯ ಹೊತ್ತು, ಅದೂ ಬೆಳಿಗ್ಗೆ ಹತ್ತರ ಸುಮಾರಿಗೆ, ಅದೂ ಹಿಂದಿನ ಬಾಗಿಲಿಗೆ. ಮುಂದಿನ ಮಳಿಗೆ ಎಲ್ಲರದೂ ಚೆನ್ನಾಗಿರುತ್ತದೆ. ಹಿಂದೆ ಶೆಡ್ಡಿನಲ್ಲಿ ಬಿಚ್ಚಿಟ್ಟ ಗಾಡಿ ಎಷ್ಟಿವೆ, ಅವುಗಳ ಮೇಲೆ ಧೂಳು ಎಷ್ಟು ಕೂತಿದೆ ನೋಡಿ. ಗಾಡಿ ಬಿಚ್ಚಿರುವುದು ತಪ್ಪಲ್ಲ, ರಿಪೇರಿ ನಡೆಯುತ್ತಿದೆ ಎಂದರ್ಥ. ಬಿಚ್ಚಿದ ಇಂಜಿನ್ ಮೇಲೆ ಜೇಡರ ಬಲೆ ಇದ್ದರೆ ಸಾಮಾನಿಗಾಗಿ ಕಾಯುತ್ತಿದೆ ಎಂದರ್ಥ.

ಆಮೇಲೆ ಸಾಮಾನಿನ ಕೌಂಟರಿಗೆ ಹೋಗಿ ಸಾದಾ ಒಂದು ಪ್ರಶ್ನೆ ಕೇಳಿ: "ಈ ಗಾಡಿಗೆ ಯಾವ ಸಾಮಾನು ಭಾಳ ಹೋಗ್ತದ್ರಿ?" ನಿಜವಾಗಿ ಸಾಮಾನು ಮಾರುವವನು ಯೋಚಿಸುವುದೇ ಇಲ್ಲ. ಕ್ಲಚ್ ಪ್ಲೇಟ್, ಮುಂದಿನ ಆಕ್ಸಲ್ಲಿನ ಸೀಲು, ವಾಟರ್ ಪಂಪ್ ಎಂದು ಪಟಪಟ ಹೇಳಿ, ಕೈಗೆ ಸಿಗುವಲ್ಲೇ ಇಟ್ಟಿರುವ ಡಬ್ಬಿ ತೋರಿಸುತ್ತಾನೆ. "ನಮ್ಮ ಗಾಡಿಗೆ ಏನೂ ಹೋಗೂದಿಲ್ರಿ, ಗಟ್ಟಿ ಮಾಲು" ಎಂದವನು ಈವರೆಗೆ ಏನೂ ಮಾರಿಲ್ಲ. ಇಬ್ಬರ ಮಾತನ್ನೂ ಕೇಳಿದವನು ನಾನು, ನಗು ತಡೆದುಕೊಂಡದ್ದೂ ಇದೆ.

ಕೈಯಲ್ಲಿ ಒಂದು ಚೀಟಿ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಹೈಡ್ರಾಲಿಕ್ ಪಂಪ್ ಮತ್ತು ಅದರ ಸೀಲ್ ಕಿಟ್ಟು, ಕ್ಲಚ್ ಪ್ಲೇಟ್, ರೋಟಾವೇಟರಿನಂಥ ಸಲಕರಣೆ ತಿರುಗಿಸುವ ಪಿಟಿಓ ಶಾಫ್ಟಿನ ಸೀಲು, ಸ್ಟಾರ್ಟರ್, ಮುಂದಿನ ಆಕ್ಸಲ್ಲಿನ ಬೆವೆಲ್ ಗೇರ್, ಸ್ಟಿಯರಿಂಗಿನ ಎಂಡು. ಈ ಆರರಲ್ಲಿ ಎಷ್ಟು ಈಗ, ಈ ಗಳಿಗೆ, ರ್‍ಯಾಕಿನಲ್ಲಿವೆ? ನಾಲ್ಕು ಇದ್ದರೆ ಒಳ್ಳೆಯ ಡೀಲರ್. ಫಿಲ್ಟರ್ ಮತ್ತು ಆಯಿಲ್ ಡಬ್ಬಿ ಮಾತ್ರ ಇದ್ದರೆ ಅವನು ಉಚಿತ ಸರ್ವಿಸ್ ಮುಗಿಯುವವರೆಗಿನ ಡೀಲರ್. ಇಲ್ಲದ ಎರಡು ಎಲ್ಲಿಂದ ಬರುತ್ತವೆ, ಕೊನೆಯ ಸಲ ತರಿಸಿದಾಗ ಎಷ್ಟು ದಿನ ಹಿಡಿಯಿತು ಎಂದು ಕೇಳಿ, ಸಾಧ್ಯವಾದರೆ ಆ ಬಿಲ್ಲಿನ ತಾರೀಖು ನೋಡಿ. ಸಾಗಣೆಯ ನೆಪ ನಮ್ಮ ಕಡೆ ನಡೆಯುವುದಿಲ್ಲ. 1976ರಲ್ಲಿ ಗದುಗಿನಲ್ಲಿ ಶುರುವಾದ ವಿಆರ್‌ಎಲ್‌ನ ಲಾರಿಗಳು ಹುಬ್ಬಳ್ಳಿಯಿಂದ ದೇಶದ ತುಂಬ ಓಡಾಡುತ್ತವೆ, ವಾಯವ್ಯ ಸಾರಿಗೆಯ ಬಸ್ಸಿಗೆ ಪಾರ್ಸಲ್ ಹಾಕಿದರೆ ತಾಲ್ಲೂಕಿಗೆ ಅದೇ ದಿನ ಮುಟ್ಟುತ್ತದೆ. ತಡವಾಗುವುದು ಆರ್ಡರ್ ಹಾಕುವಲ್ಲಿ. ಸಣ್ಣ ಡೀಲರ್ ಒಂದು ಕಪ್ಲಿಂಗಿಗೆ ಆರ್ಡರ್ ಹಾಕುವುದಿಲ್ಲ, ಹತ್ತು ಸಾಮಾನು ಕೂಡಲಿ ಎಂದು ಕಾಯುತ್ತಾನೆ. ಕಂಪನಿ ಕೂಡ ಮುಂಗಡ ದುಡ್ಡು ಬರದೆ ಕಳಿಸುವುದಿಲ್ಲ. ನಮ್ಮ ಹನ್ನೊಂದು ದಿನದಲ್ಲಿ ಏಳು ಹೀಗೇ ಹೋಗಿದ್ದವು ಎಂದು ಆಮೇಲೆ ಗೊತ್ತಾಯಿತು.

ಮಾಲೀಕನಿಗಿಂತ ಮೆಕ್ಯಾನಿಕ್ ಜೊತೆ ಒಂದು ಚಹಾ ಕುಡಿಯುವುದು ಲಾಭ. ಎಷ್ಟು ವರ್ಷದಿಂದ ಇಲ್ಲಿದ್ದಾನೆ, ಈ ಗಾಡಿಯ ಗೇರ್‌ಬಾಕ್ಸ್ ತಾನೇ ಬಿಚ್ಚಿ ಕೂಡಿಸಿದ್ದಾನೆಯೇ, ಕಂಪನಿಯವರು ತರಬೇತಿಗೆ ಕರೆದಿದ್ದರೇ? ಹಾಗೆಯೇ, ಅಲ್ಲಿರುವುದು ಡೀಲರೋ ಸಬ್-ಡೀಲರೋ ಎಂದು ತಿಳಿದುಕೊಳ್ಳಿ. ಸಬ್-ಡೀಲರಿಗೆ ಸಾಮಾನ್ಯವಾಗಿ ಕಂಪನಿಯೊಂದಿಗೆ ನೇರ ಒಪ್ಪಂದ ಇರುವುದಿಲ್ಲ. ಬಿಲ್ಲು ಮತ್ತು ಮಾರಾಟ ಪತ್ರವಾದ ಫಾರಂ 21 ಯಾರ ಹೆಸರಿನಲ್ಲಿ ಬರುತ್ತದೋ ಅವರೇ ನಿಮ್ಮ ನಿಜವಾದ ಡೀಲರ್. ಆ ಮನುಷ್ಯ ಬೆಳಗಾವಿಯಲ್ಲೋ ದಾವಣಗೆರೆಯಲ್ಲೋ ಇದ್ದರೆ ಗದುಗಿನ ಬೋರ್ಡನ್ನು ನಂಬಿ ಕೂರಬೇಡಿ.

ಈಗಾಗಲೇ ಕೊಂಡವರನ್ನು ಕೇಳುವುದು ಎಲ್ಲರೂ ಹೇಳುವ ಮಾತು. ಆದರೆ ಡೀಲರ್ ಕೊಡುವ ಮೂರು ಫೋನ್ ನಂಬರಿನವರು ಅವನ ಬೀಗರೇ ಆಗಿರುತ್ತಾರೆ. ಡೀಸೆಲ್ ಬಂಕಿನ ಹುಡುಗನನ್ನು, ಪಂಕ್ಚರ್ ಅಂಗಡಿಯವನನ್ನು ಕೇಳಿ: "ಆ ಬಣ್ಣದ ಸಣ್ಣ ಟ್ಯಾಕ್ಟರ್ ಯಾರ ಹಂತೇಕ ಐತಿ?" ಸಿಕ್ಕವರ ಗಾಡಿಯ ಅವರ್ ಮೀಟರ್ ನೋಡಿ. 500 ಗಂಟೆಯೊಳಗೆ ಎಂಥ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. 1000 ದಾಟಿದವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.

ವಾರಂಟಿ ಎಂಬ ಕಾಗದ

ವಾರಂಟಿ 2 ವರ್ಷ ಅಥವಾ 2000 ಗಂಟೆ ಎಂದಿದ್ದರೆ ಯಾವುದು ಮೊದಲು ಮುಗಿಯುತ್ತದೋ ಅದು. ಐದು-ಆರು ವರ್ಷ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ಒಳಗಿನ ಸಣ್ಣಕ್ಷರ ಓದಬೇಕು. ಮೊದಲ ಒಂದೆರಡು ವರ್ಷ ಪೂರ್ತಿ ಗಾಡಿಗೆ, ಉಳಿದದ್ದು ಇಂಜಿನ್ ಮತ್ತು ಗೇರ್‌ಬಾಕ್ಸಿನ ಒಳಭಾಗಕ್ಕೆ ಮಾತ್ರ ಎಂದು ಹಲವು ಕಡೆ ಇರುತ್ತದೆ. ಟಯರ್, ಬ್ಯಾಟರಿ, ಡೀಸೆಲ್ ಪಂಪಿಗೆ ಆಯಾ ತಯಾರಕರೇ ಹೊಣೆ. ಕ್ಲಚ್ ಪ್ಲೇಟ್, ಬೆಲ್ಟು, ಸೀಲುಗಳಂಥ ಸವೆಯುವ ಸಾಮಾನು ಸಾಮಾನ್ಯವಾಗಿ ಒಳಗೆ ಬರುವುದೇ ಇಲ್ಲ. ಸರ್ವಿಸ್ ಪುಸ್ತಕದಲ್ಲಿ ಒಂದು ಮುದ್ರೆ ತಪ್ಪಿದರೂ ಬೇಡ ಎನ್ನಲು ಅವರಿಗೆ ಕಾರಣ ಸಿಕ್ಕಂತೆ.

ಇದಕ್ಕಿಂತ ಮುಖ್ಯವಾದದ್ದು ಕ್ಲೇಮು ಹೇಗೆ ನಡೆಯುತ್ತದೆ ಎಂಬುದು. ಡೀಲರ್ ತನ್ನ ರ್‍ಯಾಕಿನ ಸಾಮಾನು ನಿಮ್ಮ ಗಾಡಿಗೆ ಹಾಕುತ್ತಾನೆ, ಕೆಟ್ಟದ್ದನ್ನು ಕಂಪನಿಗೆ ಕಳಿಸುತ್ತಾನೆ, ಕಂಪನಿ ಪರೀಕ್ಷಿಸಿ ಒಪ್ಪಿದರೆ ಅವನ ಖಾತೆಗೆ ಜಮಾ ಮಾಡುತ್ತದೆ. ಒಪ್ಪದಿದ್ದರೆ ನಷ್ಟ ಅವನದು. ಗಟ್ಟಿ ಡೀಲರ್ ಈ ಅಪಾಯ ತಾನು ಹೊತ್ತು ಮೊದಲು ನಿಮ್ಮ ಗಾಡಿ ಓಡಿಸುತ್ತಾನೆ. ಕೈಯಲ್ಲಿ ದುಡ್ಡಿಲ್ಲದವನು "ಕಂಪನಿಯಿಂದ ಅಪ್ರೂವಲ್ ಬರಬೇಕ್ರಿ" ಎನ್ನುತ್ತಾನೆ. ಹಾಗಾಗಿ ವಾರಂಟಿಯ ಕಾಗದ ಕಂಪನಿಯದಾದರೂ ಅದರ ವೇಗ ಡೀಲರನ ಜೇಬಿನದು.

ಇಲ್ಲಿಯೇ ಡೀಲರ್ ಮತ್ತು ಕಂಪನಿಯನ್ನು ಬೇರೆ ಬೇರೆ ತೂಗುವ ಹಾದಿ ಸಿಗುತ್ತದೆ. ಟ್ರ್ಯಾಕ್ಟರಿಗೆ ಮೂರು ವಯಸ್ಸು ಎಂದು ನಾನು ಹಿಡಿಯುತ್ತೇನೆ. ಮೊದಲ ಎರಡು ವರ್ಷ ವಾರಂಟಿಯ ಕಾಲ, ಆಗ ಡೀಲರ್ ಮುಖ್ಯ. ಅಲ್ಲಿಂದ ಎಂಟ್ಹತ್ತು ವರ್ಷದವರೆಗೆ ಕಂಪನಿ ಮುಖ್ಯ, ಏಕೆಂದರೆ ಡೀಲರ್ ಬದಲಾದರೂ ಸಾಮಾನು ತಯಾರಾಗುತ್ತಿರಬೇಕು. ಅದಾದ ಮೇಲೆ ನಿಮ್ಮ ಊರಿನ ಮಿಸ್ತ್ರಿಯೇ ಕಂಪನಿ. ಹದಿನೈದು ವರ್ಷ ಇಟ್ಟುಕೊಳ್ಳುವ ಗಾಡಿಗೆ ಮೊದಲ ವಯಸ್ಸಿನ ಲೆಕ್ಕ ಮಾತ್ರ ಹಾಕಿದರೆ ಹೇಗೆ?

ಕಂಪನಿ ಮುಳುಗಿದರೆ

ಹಳೆಯ ಕಥೆಗಳು ಇದಕ್ಕೆ ಒಳ್ಳೆಯ ಪಾಠ. ಎಚ್‌ಎಂಟಿ 1971ರಲ್ಲಿ ಚೆಕ್ ದೇಶದ ಝೀಟರ್ ಟ್ರ್ಯಾಕ್ಟರನ್ನು ಇಲ್ಲಿ ಮಾಡಲು ಶುರುಮಾಡಿತು, 2016ರಲ್ಲಿ ಹರಿಯಾಣದ ಪಿಂಜೋರಿನ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಕಂಪನಿ ಹೋಯಿತು, ಗಾಡಿ ಉಳಿದವು. ದೇಶದ ತುಂಬ ಅಷ್ಟೊಂದು ಗಾಡಿ ಇದ್ದುದರಿಂದ ಹೊರಗಿನವರು ಅದರ ಸಾಮಾನು ಮಾಡುವುದನ್ನು ನಿಲ್ಲಿಸಲಿಲ್ಲ. ಐಷರ್ ಟ್ರ್ಯಾಕ್ಟರ್ 2005ರಲ್ಲಿ ಟಾಫೆಗೆ, ಸ್ವರಾಜ್ ಮಾಡುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್ 2007ರಲ್ಲಿ ಮಹೀಂದ್ರಾಕ್ಕೆ ಹೋದವು. ಎಸ್ಕಾರ್ಟ್ಸ್ 2022ರಲ್ಲಿ ಎಸ್ಕಾರ್ಟ್ಸ್ ಕುಬೋಟಾ ಆಯಿತು. ಮಾಲೀಕ ಬದಲಾದರೂ ಬಣ್ಣ ಬದಲಾಗಲಿಲ್ಲ. ಇನ್ನೊಂದು ಕಡೆ ಫೋರ್ಸ್ ಮೋಟರ್ಸ್ 2024ರಲ್ಲಿ ಟ್ರ್ಯಾಕ್ಟರ್ ವ್ಯಾಪಾರದಿಂದಲೇ ಹೊರಬಂತು, ಆ ಕಂಪನಿ ಮಾತ್ರ ಬಸ್ಸು-ವ್ಯಾನು ಮಾಡುತ್ತ ಗಟ್ಟಿಯಾಗಿಯೇ ಇದೆ. ಕಂಪನಿ ದೊಡ್ಡದಿದೆಯೇ ಎಂಬುದರ ಜೊತೆಗೆ ಟ್ರ್ಯಾಕ್ಟರ್ ಅದರ ಮುಖ್ಯ ದಂಧೆಯೇ ಅಥವಾ ಪಕ್ಕದ ದಂಧೆಯೇ ಎಂದೂ ನೋಡಬೇಕಾಗುತ್ತದೆ.

ಕಂಪನಿಯನ್ನು ಪರೀಕ್ಷಿಸಲು ಮೂರು ಕೆಲಸ ಸಾಕು. ಅವರ ಕಸ್ಟಮರ್ ಕೇರಿಗೆ ಫೋನ್ ಮಾಡಿ ಒಂದು ಸಾಮಾನಿನ ನಂಬರು, ಬೆಲೆ, ಅದು ಯಾವ ಊರಿನ ಗೋದಾಮಿನಿಂದ ಬರುತ್ತದೆ ಎಂದು ಕೇಳಿ. ಕನ್ನಡದಲ್ಲಿ ಉತ್ತರ ಬಂದರೆ ಅರ್ಧ ಅಂಕ ಹೆಚ್ಚು ಕೊಡಿ. ಎರಡನೆಯದು, ಚಿತ್ರ ಮತ್ತು ನಂಬರು ಇರುವ ಪಾರ್ಟ್ಸ್ ಪುಸ್ತಕ ಕೇಳಿ. ಸಾಮಾನಿನ ನಂಬರು ಕೈಯಲ್ಲಿದ್ದರೆ ಬೇರೆ ಜಿಲ್ಲೆಯ, ಬೇರೆ ರಾಜ್ಯದ ಡೀಲರಿನಿಂದಲೂ ತರಿಸಬಹುದು. ಇಲ್ಲದಿದ್ದರೆ ಫೋಟೋ ಕಳಿಸುತ್ತ ಕೂರಬೇಕು, ನಾವು ಕೂತಂತೆ. ಮೂರನೆಯದು, ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರಕಾರದ ಪರೀಕ್ಷಾ ಸಂಸ್ಥೆಯ ವರದಿ. ಟ್ರ್ಯಾಕ್ಟರುಗಳನ್ನು ಓಡಿಸಿ, ಬಿಚ್ಚಿ, ಸವೆತ ಅಳೆದು ಬರೆದ ಆ ವರದಿಗಳನ್ನು ಅಂತರ್ಜಾಲದಲ್ಲಿ ಓದಬಹುದು. ಪಿಟಿಓದಲ್ಲಿ ನಿಜವಾಗಿ ಎಷ್ಟು ಎಚ್‌ಪಿ ಸಿಕ್ಕಿತು, ಲಿಫ್ಟು ಎಷ್ಟು ಕಿಲೋ ಎತ್ತಿತು ಎಂಬುದು ಅದರಲ್ಲಿ ಇರುತ್ತದೆ. ಬಾನೆಟ್ಟಿನ ಮೇಲೆ ಬರೆದ ಎಚ್‌ಪಿ ಇಂಜಿನ್ನಿನದು, ರೋಟಾವೇಟರಿಗೆ ಸಿಗುವುದು ಅದಕ್ಕಿಂತ ಕಡಿಮೆ.

ಮಿಸ್ತ್ರಿಯ ಕಣ್ಣಿನಿಂದ

ಮೂರನೇ ವಯಸ್ಸಿಗಾಗಿ ನಿಮ್ಮ ಊರಿನ ಮಿಸ್ತ್ರಿಯನ್ನೇ ಮಳಿಗೆಗೆ ಕರೆದುಕೊಂಡು ಹೋಗಿ. ದಿನದ ಪಗಾರ ಕೊಟ್ಟರೂ ಲಾಭವೇ. ಸಣ್ಣ ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಬೇರಿಂಗ್, ಸೀಲು, ಫಿಲ್ಟರ್, ಎಷ್ಟೋ ಸಲ ಇಂಜಿನ್ ಕೂಡ ಹೊರಗಿನಿಂದ ಕೊಂಡದ್ದು. ಅದು ದೋಷವೇನಲ್ಲ, ನಮ್ಮ ಪಾಲಿಗೆ ವರವೇ. ಅಳತೆ ಹೊಂದುವ ಬೇರಿಂಗು, ಸೀಲು ಹುಬ್ಬಳ್ಳಿಯಲ್ಲಿ ಸಿಗುತ್ತವೆ. ಡೀಸೆಲ್ ಪಂಪಿನ ತಯಾರಕ ಯಾರು ಎಂದು ನೋಡಿ. ಮೈಕೋ ಎಂದು ನಾವು ಈಗಲೂ ಕರೆಯುವ ಬಾಷ್‌ನದಾಗಿದ್ದರೆ ರಿಪೇರಿಗೆ ದೂರ ಹೋಗಬೇಕಿಲ್ಲ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್ 4 ಹೊಗೆ ನಿಯಮ ಬಂದು ಇಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಸೇರಿಕೊಂಡಿತು. ಸಣ್ಣವುಗಳಲ್ಲಿ ಹೆಚ್ಚಿನವು ಇನ್ನೂ ಹಳೆಯ ನಮೂನೆಯ ಪಂಪಿನವೇ, ಮಿಸ್ತ್ರಿಯ ಸ್ಪ್ಯಾನರಿಗೆ ಬಗ್ಗುತ್ತವೆ.

ಬಗ್ಗದಿರುವುದು ಎರಡು ಕಡೆ. ಒಂದು, ಆ ಕಂಪನಿಗೇ ವಿಶೇಷವಾದ ಎರಕ ಮತ್ತು ಗೇರುಗಳು: ಗೇರ್‌ಬಾಕ್ಸ್, ಲಿಫ್ಟಿನ ಒಳಭಾಗ, ಮುಂದಿನ ಆಕ್ಸಲ್. ಭತ್ತದ ಗದ್ದೆಯಲ್ಲಿ ರಾಡಿ ಹೊಡೆಯುವವರಿಗೆ ಮುಂದಿನ ಆಕ್ಸಲ್ಲಿನ ಸೀಲು ಹೋಗಿ ಕೆಸರು ಒಳಗಿಳಿಯುವುದು ಗೊತ್ತಿದ್ದದ್ದೇ, ಆಮೇಲೆ ಗೇರು. ಎರಡನೆಯದು ಟಯರ್. 45 ಎಚ್‌ಪಿ ಗಾಡಿಯ 13.6-28 ಯಾವ ಟಯರ್ ಅಂಗಡಿಯಲ್ಲೂ ಸಿಗುತ್ತದೆ. ಸಣ್ಣ ಗಾಡಿಗಳಲ್ಲಿ 8-18, 8.3-20, 8.3-24 ಎಂದು ಕಂಪನಿಗೊಂದು ಅಳತೆ. ಸಿಗಲಿಲ್ಲವೆಂದು ಹತ್ತಿರದ ಅಳತೆ ಹಾಕಿಬಿಡೋಣ ಎಂದರೆ ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಆಗುವುದಿಲ್ಲ. ಹಿಂದಿನ ಗಾಲಿ ಎಷ್ಟು ಸುತ್ತಿದರೆ ಮುಂದಿನದು ಎಷ್ಟು ಸುತ್ತಬೇಕು ಎಂಬುದು ಗೇರಿನಲ್ಲೇ ಕಟ್ಟಿಟ್ಟ ಲೆಕ್ಕ. ಟಯರಿನ ಎತ್ತರ ಬದಲಾದರೆ ಮುಂದಿನ ಮತ್ತು ಹಿಂದಿನ ಗಾಲಿ ಒಂದನ್ನೊಂದು ಜಗ್ಗಾಡುತ್ತವೆ, ಹೊಡೆತ ಗೇರಿಗೆ ಬೀಳುತ್ತದೆ. ಕೊಳ್ಳುವ ಮುಂಚೆ ನಿಮ್ಮ ತಾಲ್ಲೂಕಿನ ಟಯರ್ ಅಂಗಡಿಯಲ್ಲಿ ಆ ಅಳತೆ ಕೇಳಿ ನೋಡಿ.

ಚೌಕಾಸಿ

ರೈತ ಸಂಪರ್ಕ ಕೇಂದ್ರದ ಸಬ್ಸಿಡಿ ಪಟ್ಟಿಯಲ್ಲಿ ಮಾಡೆಲ್ ಇದೆ ಎಂದ ಮಾತ್ರಕ್ಕೆ ಸಾಮಾನು ಸಿಗುತ್ತದೆ ಎಂದರ್ಥವಲ್ಲ. ಅದು ಬೇರೆ ಪರೀಕ್ಷೆ. ಬ್ಯಾಂಕಿನ ಮ್ಯಾನೇಜರ್ ಮುಖ ಮಾತ್ರ ಗಮನಿಸಿ. ಕೆವಿಜಿ (ಕರ್ನಾಟಕ ವಿಕಾಸ ಗ್ರಾಮೀಣ) ಬ್ಯಾಂಕು 2025ರ ಮೇ ತಿಂಗಳಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದ್ದರೂ ನಮ್ಮ ಊರಿನಲ್ಲಿ ಕರೆಯುವುದು ಹಳೆಯ ಹೆಸರಿನಿಂದಲೇ. ಅಲ್ಲಿಯಾಗಲಿ ಬೇರೆಡೆಯಾಗಲಿ, ಸಾಲ ಕೊಡುವವನು ಕಂಪನಿಯ ಹೆಸರು ಕೇಳಿ ಹುಬ್ಬೇರಿಸಿದರೆ ಅವನು ಯೋಚಿಸುತ್ತಿರುವುದು ಮರುಮಾರಾಟದ ಬೆಲೆ. ಕೊಳ್ಳುವಾಗ ಉಳಿಸಿದ ಅರವತ್ತು ಸಾವಿರ ಮಾರುವಾಗ ಹೋಗಿಬಿಡಬಹುದು.

ಡೀಲರ್ ಬೆಲೆ ಇಳಿಸಲು ಒಪ್ಪಿದರೆ ಆ ದುಡ್ಡಿಗೆ ರಿಯಾಯಿತಿ ಬೇಡ, ಸಾಮಾನು ಕೊಡಿ ಎನ್ನಿ. ನಿಮ್ಮ ಚೀಟಿಯ ಆರರಲ್ಲಿ ನಾಲ್ಕು, ಎರಡು ಸರ್ವಿಸಿನ ಫಿಲ್ಟರು, ಪಾರ್ಟ್ಸ್ ಪುಸ್ತಕ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ, ಅದರ ಟಯರ್ ಮತ್ತು ಹಲವು ಬಿಡಿಭಾಗಗಳದು 18ರಿಂದ 5ಕ್ಕೆ ಇಳಿದಿದೆ, ಹಾಗಾಗಿ ಬಿಲ್ ಇಲ್ಲದೆ ಕೊಳ್ಳುವ ಆಸೆಯೂ ಈಗ ಬೇಕಿಲ್ಲ. ಬಿಲ್ಲೇ ನಾಳೆಯ ಸಾಕ್ಷಿ. ಸಾಮಾನು ಇಷ್ಟು ದಿನದಲ್ಲಿ ಬರದಿದ್ದರೆ ಬದಲಿ ಗಾಡಿ ಕೊಡುತ್ತೇನೆ ಎಂದು ಲೆಟರ್‌ಹೆಡ್ ಮೇಲೆ ಬರೆದುಕೊಡಲು ಕೇಳಿ. ಬಹಳ ಜನ ಬರೆದುಕೊಡುವುದಿಲ್ಲ. ಹೇಗೆ ಇಲ್ಲ ಎನ್ನುತ್ತಾರೆ ಎಂಬುದರಿಂದಲೇ ಮನುಷ್ಯ ಗೊತ್ತಾಗುತ್ತಾನೆ.

ಕಾನೂನಿನ ಮಾತು ಚಿಕ್ಕದಾಗಿ. ಸ್ವಂತ ಜೀವನೋಪಾಯಕ್ಕೆ ಟ್ರ್ಯಾಕ್ಟರ್ ಕೊಂಡ ರೈತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ. ತಾನಿರುವ ಜಿಲ್ಲೆಯ ಆಯೋಗದಲ್ಲೇ ಡೀಲರ್ ಮತ್ತು ಕಂಪನಿ ಇಬ್ಬರ ಮೇಲೂ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ಕೆಲವೊಮ್ಮೆ ಡೀಲರ್ ಚುರುಕಾಗುತ್ತಾನೆ. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರಕಾರ 2022ರಲ್ಲಿ ಸಮಿತಿ ಮಾಡಿ ಪೋರ್ಟಲ್ ತೆರೆದಾಗ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಇದ್ದವು. ಇವೆಲ್ಲ ಇರಲಿ, ಆದರೆ ಆದೇಶ ಬರುವ ಹೊತ್ತಿಗೆ ಎಷ್ಟು ಮುಂಗಾರಿ ಕಳೆದಿರುತ್ತವೋ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಹದಿನೈದು ಕಿಲೋಮೀಟರ್ ಒಳಗೆ ಗಟ್ಟಿ ಡೀಲರ್, ಸುತ್ತ ನೂರಾರು ಗಾಡಿ, ರ್‍ಯಾಕಿನಲ್ಲಿ ಸಾಮಾನು ಇರುವ ಸಣ್ಣ ಕಂಪನಿಯ ಗಾಡಿಯನ್ನು ನಾನು ಅರವತ್ತು ಕಿಲೋಮೀಟರ್ ದೂರದಲ್ಲಿ ಡೀಲರ್ ಇರುವ ದೊಡ್ಡ ಹೆಸರಿಗಿಂತ ಮೊದಲು ಆರಿಸಿಕೊಳ್ಳುತ್ತೇನೆ. ಅಡಿಕೆ ತೋಟದವರಿಗೆ ನಾಲ್ಕು ದಿನ ತಡವಾದರೂ ಸಸಿ ಒಣಗುವುದಿಲ್ಲ, ಅವರು ಸ್ವಲ್ಪ ಧೈರ್ಯ ಮಾಡಬಹುದು. ಎರೆ ಸೀಮೆಯಲ್ಲಿ, ಇರುವ ಒಂದೇ ಗಾಡಿಯಿಂದ ಬಿತ್ತುವವರು ಮಾಡಬಾರದು. ಮನೆಯಲ್ಲಿ ಎತ್ತು ಇನ್ನೂ ಇದ್ದರೆ ಮಾತು ಬೇರೆ.

ಕಾಕಾ ಆ ಟ್ರ್ಯಾಕ್ಟರ್ ಮಾರಲಿಲ್ಲ. ಡೀಲರ್ ಕಳೆದ ವರ್ಷ ಬೋರ್ಡ್ ಬದಲಿಸಿದ. ಆದರೆ ಕಾಕಾನ ಹತ್ತಿರ ಈಗ ಪಾರ್ಟ್ಸ್ ಪುಸ್ತಕ ಇದೆ, ಸುತ್ತಲಿನ ಊರುಗಳಲ್ಲಿ ಅದೇ ಗಾಡಿ ಇರುವ ಒಂಬತ್ತು ಜನರ ವಾಟ್ಸ್‌ಆ್ಯಪ್ ಗುಂಪು ಇದೆ, ಪಡಸಾಲೆಯ ಮೂಲೆಯಲ್ಲಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಇದೆ. ಅದರಲ್ಲಿ ಎರಡು ಕಪ್ಲಿಂಗ್, ಸೀಲುಗಳು, ಗ್ರೀಸ್ ಹಚ್ಚಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಒಂದು ಬೆವೆಲ್ ಗೇರು. ಹೋದ ಮಿರಗಕ್ಕೆ ಹೊಳೆಆಲೂರ ಕಡೆಯವರೊಬ್ಬರು ರಾತ್ರಿ ಒಂಬತ್ತಕ್ಕೆ ಬೈಕ್ ಮೇಲೆ ಬಂದು ಕಪ್ಲಿಂಗ್ ಒಯ್ದರು. "640 ಕೊಡ್ರಿ ಸಾಕು" ಅಂದ ಕಾಕಾ, "ಆದ್ರ ಬದಲೀದು ತರಿಸಿ ಡಬ್ಯಾಗ ಹಾಕೂದು ನಿಮ್ಮ ಜವಾಬ್ದಾರಿ."